ಮೂರನೇ ದಿನದ ಮುಖ

ಫೇಸ್‌ಲಿಫ್ಟ್, ಅಂದರೆ ಜಗ್ಗಿದ ಮುಖವನ್ನು ಎತ್ತಿ ಬಿಗಿ ಮಾಡುವ ಆಪರೇಷನ್ ಮಾಡಿಸಿಕೊಂಡವರು ಮರುದಿನ ಕನ್ನಡಿ ನೋಡಿ ಅಷ್ಟಾಗಿ ಹೆದರುವುದಿಲ್ಲ. ಹೆದರಿಕೆ ಶುರುವಾಗುವುದು ಮೂರನೇ ದಿನ. ಅಷ್ಟು ಹೊತ್ತಿಗೆ ಕೆನ್ನೆ ಬಾತು ಬಿಗಿದಿರುತ್ತದೆ. ಕಣ್ಣು ಸಣ್ಣದಾಗಿರುತ್ತದೆ. ಗದ್ದ ಎಲ್ಲಿ ಮುಗಿಯಿತು, ಕುತ್ತಿಗೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಎಡಗಡೆ ಒಂದು ತರಹ, ಬಲಗಡೆ ಇನ್ನೊಂದು ತರಹ. ದುಡ್ಡು ಕೊಟ್ಟು ಮುಖ ಕೆಡಿಸಿಕೊಂಡೆನಾ ಅಂತ ಅಳು ಬರುವುದೂ ಆಗಲೇ. ಪಳಗಿದ ಪ್ಲಾಸ್ಟಿಕ್ ಸರ್ಜನ್‌ಗಳು ಈ ಅಳುವಿನ ವಿಷಯವನ್ನು ಆಪರೇಷನ್‌ಗೆ ಮೊದಲೇ ಹೇಳಿಟ್ಟಿರುತ್ತಾರೆ.

ಮಂಗಳೂರಿನಲ್ಲಿ ಇಂಥದ್ದನ್ನು ಮಾಡಿಸಿಕೊಂಡವರು ಇಲ್ಲ ಅಂತಲ್ಲ, ಹೇಳಿಕೊಳ್ಳುವವರು ಕಡಿಮೆ. "ಎಂತ ಮಾರಾಯ್ತಿ, ಮುಖ ಬಾತಿದೆಯಲ್ಲ?" ಎಂದು ಪಕ್ಕದ ಮನೆಯವರು ಕೇಳಿದರೆ "ಬುದ್ಧಿಹಲ್ಲು ತೆಗೆಸಿದ್ದು ಅಕ್ಕ" ಎನ್ನುವುದು ಸುಲಭದ ದಾರಿ. ತಮಾಷೆ ಎಂದರೆ ಈ ಸುಳ್ಳಿನಲ್ಲಿ ಅರ್ಧ ವಿಜ್ಞಾನವಿದೆ. ಬುದ್ಧಿಹಲ್ಲು ತೆಗೆಸಿದ ಬಾವು ಕೂಡ 48ರಿಂದ 72 ಗಂಟೆಗಳಲ್ಲೇ ಅತಿ ಜಾಸ್ತಿ ಆಗುವುದು. ಕತ್ತಿ ಎಲ್ಲಿ ಬಿದ್ದರೂ ಮೈ ತನ್ನ ರಿಪೇರಿ ಕೆಲಸ ಶುರು ಮಾಡುವ ಕ್ರಮ ಒಂದೇ.

ಫೇಸ್‌ಲಿಫ್ಟ್‌ನ ಕತ್ತಿ ಎಲ್ಲಿ ಬೀಳುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. 1901ರ ಹೊತ್ತಿಗೆ ಬರ್ಲಿನ್‌ನ ಯೂಜೆನ್ ಹೊಲಾಂಡರ್ ಮಾಡಿದ ಫೇಸ್‌ಲಿಫ್ಟ್ ಎಂದರೆ ಚರ್ಮದ ತುಂಡು ತೆಗೆದು ಎಳೆದು ಹೊಲಿಯುವುದಷ್ಟೇ. ಚರ್ಮ ಕೆಲವೇ ಸಮಯದಲ್ಲಿ ಮತ್ತೆ ಜಗ್ಗುತ್ತಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೇರೋನಿ ಎಂಬ ಇಬ್ಬರು, ಚರ್ಮದ ಕೆಳಗೆ ಸ್ನಾಯುಗಳನ್ನು ಒಟ್ಟಿಗೆ ಹಿಡಿದಿಡುವ ಒಂದು ತೆಳು ಪದರ ಇದೆ ಎಂದು ವಿವರವಾಗಿ ತೋರಿಸಿದರು. ಅದಕ್ಕೆ ಎಸ್‌ಎಂಎಎಸ್ ಎಂದು ಹೆಸರು. ಈಗ ಎತ್ತಿ ಬಿಗಿಯುವುದು ಮುಖ್ಯವಾಗಿ ಆ ಪದರವನ್ನು. ಅದಕ್ಕಾಗಿ ಕೂದಲಂಚಿನಿಂದ ಕಿವಿಯ ಮುಂದೆ ಇಳಿದು, ಕಿವಿಯ ಹಾಲೆಯನ್ನು ಸುತ್ತಿ, ಹಿಂದಕ್ಕೆ ಹೋಗುವ ಒಂದು ಗೀರು ಹಾಕುತ್ತಾರೆ. ಅಲ್ಲಿಂದ ಕೆನ್ನೆಯ ಚರ್ಮವನ್ನು ಕೆಳಗಿನ ಪದರದಿಂದ ಬಿಡಿಸುತ್ತಾರೆ. ಗಂಡಸರಿಗೆ ಇದರಿಂದ ಒಂದು ಹೊಸ ಕೆಲಸ ಸೇರಿಕೊಳ್ಳುವುದುಂಟು. ಗಡ್ಡದ ಚರ್ಮ ಕಿವಿಯ ಹತ್ತಿರಕ್ಕೆ ಸರಿದಿರುವುದರಿಂದ, ಮೊದಲು ಕೂದಲೇ ಇಲ್ಲದ ಜಾಗದಲ್ಲೂ ಶೇವ್ ಮಾಡಬೇಕಾಗುತ್ತದೆ.

ಬಾವಿಗೆ ಕಾರಣ ಎರಡು. ಗಾಯವಾದ ಕೂಡಲೇ ಜೀವಕೋಶಗಳು ಹಿಸ್ಟಮಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಅವು ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸಂದು ಮಾಡುತ್ತವೆ. ಆ ಸಂದಿನಿಂದ ನೀರು, ಪ್ರೋಟೀನ್, ಬಿಳಿ ರಕ್ತಕಣ ಎಲ್ಲ ಗಾಯದ ಜಾಗಕ್ಕೆ ಇಳಿಯುತ್ತವೆ. ಇದು ಬೇಕಾದದ್ದೇ. ಬಿಳಿ ರಕ್ತಕಣ ಬಾರದಿದ್ದರೆ ಗಾಯ ಕ್ಲೀನ್ ಆಗುವುದು ಹೇಗೆ?

ಎರಡನೆಯ ಕಾರಣ ಅಷ್ಟು ಪ್ರಸಿದ್ಧವಲ್ಲ. ಹೀಗೆ ಹೊರಬಂದ ನೀರನ್ನು ವಾಪಸ್ ಒಯ್ಯುವುದು ದುಗ್ಧರಸ ನಾಳಗಳ ಕೆಲಸ. ಇಡೀ ಮೈಯಲ್ಲಿ ಅವು ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ದ್ರವವನ್ನು ರಕ್ತಕ್ಕೆ ಮರಳಿಸುತ್ತವೆ. ಅವಕ್ಕೆ ಹೃದಯದಂತಹ ಪಂಪ್ ಇಲ್ಲ. ನಾಳದ ಗೋಡೆಯ ಸಣ್ಣ ಸೆಳೆತ, ಸುತ್ತಲಿನ ಸ್ನಾಯುಗಳ ಚಲನೆ, ಉಸಿರಾಟ, ಹಿಂದಕ್ಕೆ ಬಿಡದ ಕವಾಟಗಳು, ಇಷ್ಟರಲ್ಲೇ ನಡೆಯಬೇಕು. ಕೆನ್ನೆಯ ನಾಳಗಳಲ್ಲಿ ಹೆಚ್ಚಿನವು ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ಗ್ರಂಥಿಗಳ ಕಡೆಗೆ ಹೋಗುತ್ತವೆ. ಸರ್ಜನ್ ಗೀರು ಹಾಕುವುದೂ ಆ ದಾರಿಯ ಮೇಲೆಯೇ. ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದು ನಮಗೆ ಹೊಸತಲ್ಲ. ಬಂದ ನೀರು ಜಾಸ್ತಿ, ಹೋಗಲು ದಾರಿ ಕಮ್ಮಿ. ಮೂರನೇ ದಿನದ ಕೆನ್ನೆಯ ಕತೆಯೂ ಇಷ್ಟೇ. ಸೋರಿಕೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಕಡಿದುಹೋದ ನಾಳಗಳು ಮತ್ತೆ ಮೊಳೆತು ಕೂಡಿಕೊಳ್ಳಲು ವಾರಗಳು ಬೇಕು. ಕಣ್ಣಿಗೆ ಕಾಣುವ ಬಾವು ಎರಡು ಮೂರು ವಾರಗಳಲ್ಲಿ ಬಹುಪಾಲು ಇಳಿದರೂ, ಮುಟ್ಟಿದರೆ ಗಟ್ಟಿ ಅನಿಸುವ ಉಳಿಕೆ ತಿಂಗಳುಗಟ್ಟಲೆ ಇರುವುದು ಅದಕ್ಕೇ.

ಇಷ್ಟು ಗೊತ್ತಾದರೆ ಆಸ್ಪತ್ರೆಯಿಂದ ಕೊಡುವ ಸೂಚನೆಗಳ ಚೀಟಿ ಉರುಹೊಡೆಯಬೇಕಾಗಿಲ್ಲ. ಯಾವುದೇ ಕೆಲಸ ಒಳಹರಿವನ್ನು ಹೆಚ್ಚಿಸುತ್ತದಾ, ಹೊರಹರಿವಿಗೆ ಸಹಾಯ ಮಾಡುತ್ತದಾ ಅಂತ ಕೇಳಿಕೊಂಡರೆ ಸಾಕು. ತಲೆ ಎತ್ತರದಲ್ಲಿಟ್ಟು ಮಲಗುವುದು ಯಾಕೆ? ತಲೆಯಿಂದ ರಕ್ತ ಸಲೀಸಾಗಿ ಕೆಳಗಿಳಿಯಲಿ, ಸಣ್ಣ ನಾಳಗಳೊಳಗಿನ ಒತ್ತಡ ಕಡಿಮೆಯಾಗಲಿ ಅಂತ. ಮೂವತ್ತು ನಲವತ್ತು ಡಿಗ್ರಿ ಓರೆ ಸಾಕು. ಆದರೆ ದಿಂಬಿನ ಮೇಲೆ ದಿಂಬು ಪೇರಿಸಿ ಕುತ್ತಿಗೆಯನ್ನು ಎದೆಗೆ ಮಡಚಿಕೊಂಡರೆ ಹೋಗುವ ದಾರಿಯೇ ಅಮುಕಿ ಹೋಗುತ್ತದೆ. ಸೊಂಟದಿಂದಲೇ ಎತ್ತರ ಬರಬೇಕು. ಹಳೇ ಮನೆಗಳ ಜಗಲಿಯಲ್ಲಿರುವ ಆರಾಮ ಕುರ್ಚಿ ಇದಕ್ಕೆ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಎದ್ದಾಗ ಬಾವು ಜಾಸ್ತಿ, ಸಂಜೆಗೆ ಕಡಿಮೆ ಕಂಡರೆ ಗಾಬರಿ ಬೇಡ. ರಾತ್ರಿ ಮಲಗಿದ್ದರ ಫಲ ಅದು.

ಊಟದಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲ, ಒಂದು ತೊಂದರೆ. ಕುಚ್ಚಲಕ್ಕಿ ಗಂಜಿಯಂತಹ ಮೆತ್ತನೆಯ ಊಟ ದವಡೆಗೆ ಹಿತ. ಆದರೆ ಗಂಜಿ ಒಂದೇ ಬರುವುದಿಲ್ಲವಲ್ಲ, ಜೊತೆಗೆ ಉಪ್ಪಿನಕಾಯಿ, ಸುಟ್ಟ ಒಣಮೀನು, ಉಪ್ಪುನೀರಿನಲ್ಲಿ ಹಾಕಿದ ಮಾವಿನಕಾಯಿ ಬರುತ್ತದೆ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಟೀ ಚಮಚದಷ್ಟು. ಎರಡು ವಾರ ತೆಂಗಿನಕಾಯಿ ಚಟ್ನಿಯಲ್ಲಿ ಸುಧಾರಿಸಿಕೊಳ್ಳಿ.

ಇನ್ನು ಬಾವಿನಲ್ಲೇ ಕಾಯಬಾರದ ಒಂದು ಬಗೆ ಇದೆ. ಒಂದೇ ಬದಿ, ಗಂಟೆ ಗಂಟೆಗೂ ಏರುತ್ತಾ, ಕಲ್ಲಿನಂತೆ ಬಿಗಿಯಾಗಿ, ಸಿಡಿಯುವ ನೋವಿನೊಂದಿಗೆ ಬರುವ ಬಾವು. ಅದು ನೀರಲ್ಲ, ಬಿಡಿಸಿದ ಚರ್ಮದ ಅಡಿಯಲ್ಲಿ ತುಂಬುತ್ತಿರುವ ರಕ್ತ. ಹೆಮಟೋಮ ಎನ್ನುತ್ತಾರೆ. ಫೇಸ್‌ಲಿಫ್ಟ್‌ನ ತೊಡಕುಗಳಲ್ಲಿ ಇದೇ ಸಾಮಾನ್ಯ, ಹೆಚ್ಚಿನವು ಮೊದಲ 24 ಗಂಟೆಗಳಲ್ಲಿ ಆಗುತ್ತವೆ. ಒತ್ತಡಕ್ಕೆ ಸಿಕ್ಕ ಚರ್ಮಕ್ಕೆ ರಕ್ತ ಸಿಗದೆ ಅದು ಸಾಯಬಹುದು. ಕುತ್ತಿಗೆಯಲ್ಲಾದರೆ ಉಸಿರಿಗೇ ತೊಂದರೆ. ಬೇಗ ಆಪರೇಷನ್ ಥಿಯೇಟರ್‌ಗೆ ಒಯ್ದು ರಕ್ತ ತೆಗೆದರೆ ಬಹುಪಾಲು ಏನೂ ಉಳಿಯದ ಹಾಗೆ ಸರಿಹೋಗುತ್ತದೆ. ಗಂಡಸರಲ್ಲಿ ಇದು ಜಾಸ್ತಿ. ಗಡ್ಡದ ಬೇರುಗಳಿಗೆ ರಕ್ತ ಸರಬರಾಜು ಹೆಚ್ಚಿರುವುದು ಒಂದು ಕಾರಣವಿರಬಹುದು ಎನ್ನುತ್ತಾರೆ. ಆದರೆ ದೊಡ್ಡ ಶತ್ರು ಎಂದರೆ ಬಿ.ಪಿ., ಅಂದರೆ ರಕ್ತದ ಒತ್ತಡ. ಆಪರೇಷನ್ ಹೊತ್ತಿನಲ್ಲಿ ಸುಮ್ಮನಿದ್ದ ಸಣ್ಣ ನಾಳ, ರಾತ್ರಿ ಬಿ.ಪಿ. ಏರಿದಾಗ ಬಾಯಿ ಬಿಡುತ್ತದೆ. ವಾಂತಿ, ಕೆಮ್ಮು, ಮಲಬದ್ಧತೆಯ ತಿಣುಕು, ಬಗ್ಗಿ ಅಂಗಳ ಗುಡಿಸುವುದು, ಬಾವಿಯಿಂದ ಕೊಡ ಎಳೆಯುವುದು, ನೋಡಲು ಬಂದ ನೆಂಟರ ಜೊತೆ ಗಂಟೆಗಟ್ಟಲೆ ಮಾತು, ಎಲ್ಲವೂ ಬಿ.ಪಿ. ಏರಿಸುವಂಥವೇ. ನನ್ನನ್ನು ಕೇಳಿದರೆ, ಮೊದಲ ಎರಡು ದಿನ ಐಸ್‌ಗಿಂತ, ಕ್ರೀಮಿಗಿಂತ, ಬಿ.ಪಿ. ಮಾತ್ರೆ ತಪ್ಪದಿರುವುದೇ ದೊಡ್ಡ ಆರೈಕೆ. ಬೆಂಗಳೂರಿನಲ್ಲಿ ಮಾಡಿಸಿ ಆ ರಾತ್ರಿಯೇ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದ ರಾತ್ರಿ ಕೆನ್ನೆಯಲ್ಲಿ ರಕ್ತ ತುಂಬಿದರೆ ಎಲ್ಲಿಗೆ ಹೋಗುವುದು?

ರಕ್ತ ತೆಳು ಮಾಡುವ ಮಾತ್ರೆಗಳ ವಿಷಯವೂ ಇಲ್ಲೇ ಬರುತ್ತದೆ. ಆಸ್ಪಿರಿನ್ ಒಮ್ಮೆ ತಾಗಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ತನ್ನ ಆಯುಷ್ಯವಿಡೀ ಸರಿಯಾಗಿ ಅಂಟುವುದಿಲ್ಲ, ಆ ಆಯುಷ್ಯ ಏಳರಿಂದ ಹತ್ತು ದಿನ. ಮೀನೆಣ್ಣೆ ಕ್ಯಾಪ್ಸೂಲ್ ಆಗಲಿ, ಆಟಿ ಅಮಾವಾಸ್ಯೆಯ ಪಾಲೆ ಕಷಾಯವಾಗಲಿ, ತಗೊಳ್ಳುವುದನ್ನೆಲ್ಲ ಡಾಕ್ಟರಿಗೆ ಮೊದಲೇ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ತಾವಾಗಿಯೇ ಆಸ್ಪಿರಿನ್ ನಿಲ್ಲಿಸಲೇಬಾರದು. ಚಂದದ ಆಸೆಗೆ ಹೃದಯಾಘಾತ ತಂದುಕೊಂಡ ಹಾಗಾಗುತ್ತದೆ. ಈಚೆಗೆ ಸರ್ಜನ್‌ಗಳು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವನ್ನು ಬಳಸುತ್ತಿದ್ದಾರೆ. ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಮೊಟೊ ದಂಪತಿ 1962ರಲ್ಲಿ ಹೊರತಂದದ್ದು ಅದು. ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ. ಹೆರಿಗೆಯ ರಕ್ತಸ್ರಾವಕ್ಕೆ ಜೀವ ಉಳಿಸುವ ಔಷಧ, ಇಲ್ಲಿ ಕೆನ್ನೆಯ ಕಲೆ ಕಡಿಮೆ ಮಾಡುತ್ತಿದೆ.

ಬೀಡಿ, ಸಿಗರೇಟಿನ ಬಗ್ಗೆ ಚೌಕಾಸಿಗೆ ಜಾಗವಿಲ್ಲ. ಬಿಡಿಸಿದ ಕೆನ್ನೆಯ ಚರ್ಮ ತನ್ನ ಅಂಚುಗಳಿಂದ ಬರುವ ರಕ್ತದ ಮೇಲೆ ಬದುಕಿರುತ್ತದೆ. ನಿಕೋಟಿನ್ ಆ ನಾಳಗಳನ್ನೇ ಹಿಂಡುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫೇಸ್‌ಲಿಫ್ಟ್ ನಂತರ ಚರ್ಮ ಸಾಯುವ ಸಂಭವ ಸೇದುವವರಲ್ಲಿ 12 ಪಟ್ಟು ಜಾಸ್ತಿ ಕಂಡಿತ್ತು.

ಕಲೆಗಳ ಬಣ್ಣ ನೋಡುವುದು ನನಗಂತೂ ಕುತೂಹಲದ ವಿಷಯ. ಸೋರಿದ ರಕ್ತದ ಹಿಮೋಗ್ಲೋಬಿನ್ ಮೊದಲು ಕೆಂಪು ನೀಲಿ. ಅದು ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಬಿಲಿರುಬಿನ್ ಆದಾಗ ಹಳದಿ. ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡುವುದೂ ಇದೇ ಬಿಲಿರುಬಿನ್. ನಮ್ಮ ಕಂದು ಚರ್ಮದಲ್ಲಿ ಹಸಿರು, ಹಳದಿ ಅಷ್ಟು ಎದ್ದು ಕಾಣುವುದಿಲ್ಲ, ಕಪ್ಪು ಛಾಯೆ ಮಾತ್ರ ಕಾಣಬಹುದು. ದಿನ ಹೋದಂತೆ ಕಲೆ ಕೆನ್ನೆಯಿಂದ ಕುತ್ತಿಗೆಗೆ, ಕೆಲವೊಮ್ಮೆ ಎದೆಯ ಮೇಲ್ಭಾಗಕ್ಕೂ ಇಳಿಯುತ್ತದೆ. ಹೊಸ ರಕ್ತಸ್ರಾವ ಅಲ್ಲ ಅದು. ಹಳೆಯದೇ, ಭಾರಕ್ಕೆ ಕೆಳಗೆ ಜಾರಿದ್ದು.

ಬಾವು ಇಳಿಸಲು ಮಾರುವ ವಸ್ತುಗಳಲ್ಲಿ ಹೆಚ್ಚಿನವು ಸಾಧಾರಣ. ಫಾದರ್ ಮುಲ್ಲರ್ ಎಂಬ ಪಾದ್ರಿ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದ ಊರು ಮಂಗಳೂರು, ಪೆಟ್ಟು ಬಾವುಗಳಿಗೆ ಕೊಡುವ ಆರ್ನಿಕಾ ಎಂಬ ಹೋಮಿಯೋಪಥಿ ಔಷಧದ ಹೆಸರು ಕೇಳದವರು ಇಲ್ಲಿ ಕಡಿಮೆ. ಫೇಸ್‌ಲಿಫ್ಟ್ ಆದವರ ಮೇಲೂ ಅದನ್ನು ಪರೀಕ್ಷಿಸಿದ್ದಾರೆ. ಅಧ್ಯಯನಗಳು ಸಣ್ಣವು, ಫಲಿತಾಂಶ ಒಂದೇ ದಿಕ್ಕಿಗೆ ಇಲ್ಲ. ಸ್ಟಿರಾಯ್ಡ್ ಕೊಟ್ಟು ನೋಡಿದಾಗಲೂ ಮುಖದ ಬಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಡೆನ್ಮಾರ್ಕಿನ ವೋಡರ್ ದಂಪತಿ 1930ರ ದಶಕದಲ್ಲಿ ರೂಪಿಸಿದ ದುಗ್ಧರಸದ ಹಗುರ ಮಸಾಜ್ ಕೆಲವರಿಗೆ ಹಿತ ಕೊಡುತ್ತದೆ. ಆದರೆ ಅದು ಸರ್ಜನ್ ಒಪ್ಪಿದ ಮೇಲೆ, ಕಲಿತವರ ಕೈಯಲ್ಲಿ. ಮನೆಯಲ್ಲಿ ತೆಂಗಿನೆಣ್ಣೆ ಹಾಕಿ ಉಜ್ಜುವುದಲ್ಲ.

ಉಜ್ಜಬಾರದು ಎನ್ನಲು ಇನ್ನೊಂದು ಕಾರಣ, ಆ ಚರ್ಮಕ್ಕೆ ಅರಿವೇ ಇರುವುದಿಲ್ಲ. ಸಣ್ಣ ನರಗಳು ಕಡಿದಿರುತ್ತವೆ. ಕೆನ್ನೆ, ಕಿವಿಯ ಸುತ್ತ ವಾರಗಳಿಂದ ತಿಂಗಳುಗಳ ತನಕ ಮರಗಟ್ಟಿದ ಹಾಗಿರುತ್ತದೆ. ಐಸ್ ಇಟ್ಟರೆ ಬಟ್ಟೆ ಸುತ್ತಿ ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ, ಅದೂ ಡಾಕ್ಟರ್ ಇಡಿ ಅಂದರೆ. ಬಚ್ಚಲಿನ ಹಂಡೆಯಲ್ಲಿ ಕಾಯಿಸಿದ ತುಂಬಾ ಬಿಸಿ ನೀರನ್ನು ತಲೆಗೆ ಸುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ಕೈಗೆ ಬಿಸಿ ಗೊತ್ತಾಗುತ್ತದೆ, ಕಿವಿಯ ಹಿಂದಿನ ಚರ್ಮಕ್ಕೆ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಸಾಲದ್ದಕ್ಕೆ ಬಿಸಿ ರಕ್ತನಾಳ ಅಗಲಿಸಿ ಬಾವನ್ನೂ ಏರಿಸುತ್ತದೆ. ಉಗುರು ಬೆಚ್ಚಗಿನ ನೀರು, ಮೊಣಕೈಯಲ್ಲಿ ಮುಟ್ಟಿ ನೋಡಿ ಹಾಕಿಕೊಂಡರೆ ಕ್ಷೇಮ. ಹೇರ್ ಡ್ರೈಯರ್‌ಗೂ ಇದೇ ಮಾತು.

ಗದ್ದದ ಕೆಳಗಿನಿಂದ ತಲೆಗೆ ಸುತ್ತುವ ಪಟ್ಟಿ ಊರಿನ ಸೆಕೆಯಲ್ಲಿ ದೊಡ್ಡ ಹಿಂಸೆ. ಬೆವರು ಆರುವುದಿಲ್ಲ, ಬೆವರುಸಾಲೆ ಏಳುತ್ತದೆ. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂತ ಇನ್ನೊಂದು ಸುತ್ತು ಹಾಕಬೇಡಿ. ಬಿಗಿ ಪಟ್ಟಿ ಚರ್ಮದ ರಕ್ತ ತಡೆಯುತ್ತದೆ, ಹೆಮಟೋಮ ತಡೆಯುವುದಿಲ್ಲ.

ಹಾಗಾದರೆ ಮದುವೆ ಮುಂದಿಟ್ಟುಕೊಂಡವರು ಯಾವಾಗ ಮಾಡಿಸಬೇಕು? ಹೊಲಿಗೆ ಬಿಚ್ಚಿ, ಸ್ವಲ್ಪ ಮೇಕಪ್ ಹಚ್ಚಿ ಅಂಗಡಿಗೆ ಹೋಗಲು ಎರಡು ವಾರ ಸಾಕಾಗಬಹುದು. ಫೋಟೋಗೆ ನಿಲ್ಲಲು ಎರಡು ಮೂರು ತಿಂಗಳಾದರೂ ಬೇಕು. ಗಾಯದ ಗೆರೆ ಮಾಗಿ ತಿಳಿಯಾಗಲು ಒಂದು ವರ್ಷದ ತನಕವೂ ಆಗುತ್ತದೆ, ಅಲ್ಲಿಯವರೆಗೆ ಬಿಸಿಲು ತಾಗಿದರೆ ಕಪ್ಪಾಗುವ ಭಯ. ಈ ಲೆಕ್ಕ ನೋಡಿದರೆ ತುಳುವರ ಆಟಿ ತಿಂಗಳು ಚೆನ್ನಾಗಿ ಹೊಂದುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಮದುವೆ ಮುಂಜಿ ಇಲ್ಲ, ಬಿಸಿಲೂ ಕಡಿಮೆ, ಮಳೆಗೆ ಮನೆಯಲ್ಲಿ ಕೂತರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ನವೆಂಬರ್, ಡಿಸೆಂಬರಿನ ಮದುವೆ ಹಾಲ್‌ಗೆ ಹೋಗುವಾಗ ಬಾವು ಬಹುಪಾಲು ಇಳಿದಿರುತ್ತದೆ. ಕಿವಿಯ ಹಾಲೆ ಮಾತ್ರ ಆಗಲೂ ಸ್ವಲ್ಪ ಮರಗಟ್ಟಿದಂತೆ ಇರಬಹುದು. ಹಾಗಾಗಿ ಭಾರದ ಜುಮುಕಿ ಬೇಡ, ಬೆಂಡೋಲೆಯ ತಿರುಪು ಬಿಗಿಯಾಗಿ ಒತ್ತುತ್ತಿದೆಯಾ ಅಂತ ಮನೆಯವರ ಹತ್ತಿರ ಒಮ್ಮೆ ನೋಡಿಸಿಕೊಳ್ಳಿ.