ಸ್ಟಾರ್ ಕಾಸ್ಟಿಂಗ್: ಒಂದು ಹೆಸರಿನಿಂದ ಮ್ಯೂಸಿಕಲ್‌ನ ಟಿಕೆಟ್ ಲೆಕ್ಕ ಹೇಗೆ ಬದಲಾಗುತ್ತದೆ

ಸಿನಿಮಾ, ಟಿವಿ ಅಥವಾ ಪಾಪ್ ಸಂಗೀತದಿಂದ ಜನರಿಗೆ ಮೊದಲೇ ಗೊತ್ತಿರುವ ಒಬ್ಬರನ್ನು ನಾಟಕದ ಮುಖ್ಯ ಪಾತ್ರಕ್ಕೆ ಕರೆತಂದು, ಅವರ ಹೆಸರಿನ ಮೇಲೆ ಟಿಕೆಟ್ ಮಾರುವುದೇ ಸ್ಟಾರ್ ಕಾಸ್ಟಿಂಗ್. ದೊಡ್ಡ ಥಿಯೇಟರ್‌ಗಳ ಕೇಂದ್ರಗಳಾದ ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್ ಎರಡರಲ್ಲೂ ಈ ಮಾತು ಸದಾ ಕೇಳಿಬರುತ್ತದೆ. ಜೊತೆಗೆ ಸ್ಟಂಟ್ ಕಾಸ್ಟಿಂಗ್ ಅನ್ನುವ ಇನ್ನೊಂದು ಮಾತೂ ಇದೆ. ರಂಗದ ಮೇಲೆ ಹಾಡಿ ಕುಣಿದ ಅನುಭವ ಅಷ್ಟಾಗಿ ಇಲ್ಲದಿದ್ದರೂ, ಸುದ್ದಿಯಾಗುತ್ತದೆ ಅನ್ನುವ ಕಾರಣಕ್ಕೇ ಯಾರನ್ನೋ ಕೆಲವು ವಾರಗಳ ಮಟ್ಟಿಗೆ ಕರೆತಂದರೆ ಅದನ್ನು ಸ್ಟಂಟ್ ಅನ್ನುತ್ತಾರೆ. ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಘೋಷಣೆಯ ದಿನ ಸ್ಟಂಟ್ ಅಂತ ಬೈಸಿಕೊಂಡವರು ಮೊದಲ ಶೋ ಮುಗಿಯುವಷ್ಟರಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದೂ ಉಂಟು.

ಸ್ಟಾರ್ ಬಂದರೆ ಟಿಕೆಟ್ ಜಾಸ್ತಿ ಹೋಗುತ್ತದೆ, ಇದರಲ್ಲಿ ವಿವರಿಸೋದು ಏನಿದೆ ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 1,200 ಸೀಟಿನ ಥಿಯೇಟರ್ ಅಂದುಕೊಳ್ಳಿ. ಬ್ರಾಡ್‌ವೇ ಮ್ಯೂಸಿಕಲ್, ಅಂದರೆ ಹಾಡು ಕುಣಿತಗಳಿರುವ ನಾಟಕ, ವಾರಕ್ಕೆ ಸಾಮಾನ್ಯವಾಗಿ 8 ಶೋ ಆಡುತ್ತದೆ. ಒಟ್ಟು 9,600 ಸೀಟು. ಎಷ್ಟೇ ದೊಡ್ಡ ಸ್ಟಾರ್ ಬಂದರೂ ಆ ವಾರ ಮಾರುವುದಕ್ಕೆ ಇರುವುದು ಅಷ್ಟೇ. ಸಿನಿಮಾಗೆ ಜನ ಮುಗಿಬಿದ್ದರೆ ಇನ್ನಷ್ಟು ಪರದೆಗಳಲ್ಲಿ ಹಾಕಬಹುದು. ನಾಟಕದ ಸ್ಟಾರ್ ಒಂದು ಸಂಜೆ ಒಂದೇ ರಂಗದ ಮೇಲೆ ಇರಲು ಸಾಧ್ಯ. ಹಾಗಾಗಿ ಹೌಸ್‌ಫುಲ್ ಆದ ಮೇಲೆ ಏರುವುದಕ್ಕೆ ಉಳಿಯುವುದು ಬೆಲೆ ಒಂದೇ. ಸರಾಸರಿ ಟಿಕೆಟ್ 100 ಡಾಲರ್ ಇದ್ದರೆ ವಾರದ ಕಲೆಕ್ಷನ್ 9.6 ಲಕ್ಷ ಡಾಲರ್. ಅದೇ ಸರಾಸರಿ 200 ಆದರೆ 19.2 ಲಕ್ಷ. ಅದೇ ಸೀಟು, ಅದೇ ಸೆಟ್, ಅದೇ ಆರ್ಕೆಸ್ಟ್ರಾ. ಸ್ಟಾರ್ ಹೆಸರಿನ ದೊಡ್ಡ ಕೆಲಸ ಇಲ್ಲಿ ನಡೆಯುತ್ತದೆ.

ಈ ಬೆಲೆಯ ಆಟ ಬಹಿರಂಗವಾಗಿ ಶುರುವಾಗಿದ್ದು 2001ರಲ್ಲಿ. ನೇಥನ್ ಲೇನ್ ಮತ್ತು ಮ್ಯಾಥ್ಯೂ ಬ್ರಾಡರಿಕ್ ನಟಿಸಿದ 'ದಿ ಪ್ರೊಡ್ಯೂಸರ್ಸ್' ಆ ವರ್ಷ ಏಪ್ರಿಲ್‌ನಲ್ಲಿ ತೆರೆಕಂಡು ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಯನ್ನು 12 ವಿಭಾಗಗಳಲ್ಲಿ ಗೆದ್ದಿತು. ಟಿಕೆಟ್ ಸಿಗದೆ ಜನ ಬ್ಲ್ಯಾಕ್‌ನಲ್ಲಿ ಸಿಕ್ಕಾಪಟ್ಟೆ ಕೊಟ್ಟು ಕೊಳ್ಳುತ್ತಿದ್ದರು. ಆ ದುಡ್ಡು ಬೇರೆಯವರ ಜೇಬಿಗೆ ಯಾಕೆ ಹೋಗಬೇಕು ಅಂತ ನಿರ್ಮಾಪಕರೇ ಅಕ್ಟೋಬರ್‌ನಲ್ಲಿ ಕೆಲವು ಒಳ್ಳೆಯ ಸೀಟುಗಳಿಗೆ 480 ಡಾಲರ್ ಬೆಲೆ ಇಟ್ಟರು. ಆಗ ಎಲ್ಲರೂ ಹುಬ್ಬೇರಿಸಿದರು. ಈಗ ಪ್ರೀಮಿಯಂ ಸೀಟು ಇಲ್ಲದ ದೊಡ್ಡ ಮ್ಯೂಸಿಕಲ್ಲೇ ಇಲ್ಲ. ಬೇಡಿಕೆ ನೋಡಿ ದಿನದಿಂದ ದಿನಕ್ಕೆ ಬೆಲೆ ಬದಲಿಸುವುದೂ ಮಾಮೂಲಿಯಾಗಿದೆ.

ಬೆಲೆಯ ನಂತರ ಬರುವುದು ಮುಂಗಡ ಬುಕಿಂಗ್. ಗಾಯಕಿ, ನಟಿ ಬೆಟ್ ಮಿಡ್ಲರ್ ಮುಖ್ಯ ಪಾತ್ರ ಮಾಡಿದ 2017ರ 'ಹಲೋ, ಡಾಲಿ!' ಮರುನಿರ್ಮಾಣದ ಟಿಕೆಟ್ ಮಾರಾಟ ತೆರೆದ ಮೊದಲ ದಿನವೇ 90 ಲಕ್ಷ ಡಾಲರ್ ದಾಟಿತು. ಅಷ್ಟು ಹೊತ್ತಿಗೆ ಒಂದು ಶೋ ಕೂಡ ಆಗಿರಲಿಲ್ಲ, ಒಂದು ವಿಮರ್ಶೆಯೂ ಬಂದಿರಲಿಲ್ಲ. ಸ್ಟಾರ್ ಇಲ್ಲದ ಹೊಸ ಮ್ಯೂಸಿಕಲ್‌ಗೆ ಈ ಸೌಕರ್ಯ ಇಲ್ಲ. ಅದು ವಿಮರ್ಶೆಗೆ ಕಾಯಬೇಕು, ನೋಡಿದವರು ನಾಲ್ಕು ಜನಕ್ಕೆ ಹೇಳುವುದಕ್ಕೆ ಕಾಯಬೇಕು. ಆ ಕಾಯುವ ವಾರಗಳಲ್ಲೇ ಎಷ್ಟೋ ಒಳ್ಳೆಯ ನಾಟಕಗಳ ಕೈ ಖಾಲಿಯಾಗುತ್ತದೆ.

ಯಾಕೆಂದರೆ ಪ್ರತಿ ವಾರದ ಖರ್ಚು ಯಾರಿಗೂ ಕಾಯುವುದಿಲ್ಲ. ನಟರು, ವಾದ್ಯಗಾರರು, ಬೆಳಕಿನವರು, ಉಡುಪಿನವರು, ಜಾಹೀರಾತು, ಥಿಯೇಟರ್ ಬಾಡಿಗೆ ಎಲ್ಲ ಸೇರಿ ವಾರಕ್ಕೆ ಇಷ್ಟು ಅಂತ ಒಂದು ಮೊತ್ತ ಬೇಕೇ ಬೇಕು. ಬ್ರಾಡ್‌ವೇಯವರು ಇದನ್ನು 'ನಟ್' ಅನ್ನುತ್ತಾರೆ. ಕಲೆಕ್ಷನ್ ಇದಕ್ಕಿಂತ ಮೇಲಿದ್ದರೆ ಮಾತ್ರ ಹೂಡಿದವರಿಗೆ ಸ್ವಲ್ಪ ಸ್ವಲ್ಪವಾಗಿ ದುಡ್ಡು ಮರಳುತ್ತದೆ. ಇನ್ನೊಂದು ಕತ್ತಿಯೂ ತೂಗುತ್ತಿರುತ್ತದೆ. ಥಿಯೇಟರ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಕಲೆಕ್ಷನ್ ಗೊತ್ತುಮಾಡಿದ ಮೊತ್ತಕ್ಕಿಂತ ಸತತವಾಗಿ ಕೆಳಗಿದ್ದರೆ ಮಾಲೀಕರು ಜಾಗ ಖಾಲಿ ಮಾಡಿ ಅನ್ನಬಹುದು. ಸ್ಟಾರ್ ಹೆಸರು ಇದ್ದರೆ ಹೂಡಿಕೆದಾರರೂ ಬೇಗ ಒಪ್ಪುತ್ತಾರೆ, ಥಿಯೇಟರ್ ಕೂಡ ಬೇಗ ಸಿಗುತ್ತದೆ. ಟಿಕೆಟ್ ಕೌಂಟರ್ ತೆರೆಯುವ ಮೊದಲೇ ಆ ಹೆಸರು ದುಡಿಯಲು ಶುರುಮಾಡಿರುತ್ತದೆ.

ನೋಡುವವರ ಕಡೆಯಿಂದಲೂ ಯೋಚಿಸಬೇಕು. ಬ್ರಾಡ್‌ವೇ ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರವಾಸಿಗರು. ಅವರಿಗೆ ನ್ಯೂಯಾರ್ಕಿನಲ್ಲಿ ಇರುವುದು ಎರಡೋ ಮೂರೋ ಸಂಜೆ. ಗೊತ್ತಿಲ್ಲದ ನಾಟಕ, ಗೊತ್ತಿಲ್ಲದ ನಟರು ಅಂದರೆ ಅಷ್ಟು ದುಡ್ಡು ಕೊಡಲು ಮನಸ್ಸು ಬರುವುದಿಲ್ಲ. ಗೊತ್ತಿರುವ ಕಥೆಯಾದರೂ ಇರಬೇಕು, ಇಲ್ಲವೇ ಗೊತ್ತಿರುವ ಮುಖ. ಅದರಲ್ಲೂ 'ಇಷ್ಟೇ ವಾರ' ಅಂದರೆ ಇನ್ನೂ ಬೇಗ ಕೈ ಜೇಬಿಗೆ ಹೋಗುತ್ತದೆ. ಆಮೇಲೆ ನೋಡೋಣ ಅನ್ನುವ ಆಯ್ಕೆಯೇ ಇರುವುದಿಲ್ಲ ಅಲ್ವಾ?

ಇಷ್ಟು ಲಾಭ ಸುಮ್ನೆ ಬರುವುದಿಲ್ಲ. ದೊಡ್ಡ ಹೆಸರಿನವರಿಗೆ ವಾರಕ್ಕೆ ಇಷ್ಟು ಅಂತ ಖಾತ್ರಿ ಸಂಭಾವನೆಯ ಜೊತೆ ಕಲೆಕ್ಷನ್‌ನಲ್ಲಿ ಪಾಲು ಕೊಡುವುದೂ ಇದೆ. ಅಂದರೆ ಕಲೆಕ್ಷನ್ ಏರಿದ ಹಾಗೆ ಖರ್ಚೂ ಏರುತ್ತದೆ. ಪತ್ರಿಕೆಯಲ್ಲಿ ಬರುವ ದೊಡ್ಡ ಮೊತ್ತ ಅಷ್ಟೂ ನಿರ್ಮಾಪಕರ ಕೈಗೆ ಬಂತು ಅಂದುಕೊಳ್ಳುವಂತಿಲ್ಲ.

ಸ್ಟಾರ್‌ಗೆ ಹುಷಾರು ತಪ್ಪಿದರೆ? ಪೋಸ್ಟರಿನಲ್ಲಿ ನಾಟಕದ ಹೆಸರಿಗಿಂತ ಮೇಲೆ ಯಾರ ಹೆಸರು ಇದೆಯೋ, ಅವರು ಬಾರದ ದಿನ ಪ್ರೇಕ್ಷಕರು ದುಡ್ಡು ವಾಪಸ್ ಕೇಳಬಹುದು ಅಥವಾ ಬೇರೆ ದಿನದ ಟಿಕೆಟ್ ಪಡೆಯಬಹುದು. ಇದು ಬ್ರಾಡ್‌ವೇಯ ರೂಢಿ. ಬದಲಿಗೆ ಬಂದವರು ಎಷ್ಟೇ ಚೆನ್ನಾಗಿ ಮಾಡಿದರೂ ಅಷ್ಟು ದುಡ್ಡು ಹೊರಗೆ ಹೋದ ಹಾಗೆಯೇ. ಹ್ಯೂ ಜಾಕ್‌ಮನ್ ಮತ್ತು ಸಟನ್ ಫಾಸ್ಟರ್ ನಟಿಸಿದ 'ದಿ ಮ್ಯೂಸಿಕ್ ಮ್ಯಾನ್' 2021ರ ಡಿಸೆಂಬರ್‌ನಲ್ಲಿ ಪ್ರಿವ್ಯೂ, ಅಂದರೆ ಅಧಿಕೃತ ಆರಂಭಕ್ಕೆ ಮುಂಚಿನ ಶೋಗಳನ್ನು, ಶುರುಮಾಡಿದ ವಾರವೇ ಫಾಸ್ಟರ್‌ಗೆ ಕೋವಿಡ್ ಬಂತು. ಅಂದು ಮಧ್ಯಾಹ್ನ 12ಕ್ಕೆ ಕ್ಯಾಥಿ ವಾಯ್ಟ್‌ಕೋ ಅವರಿಗೆ ನಾಯಕಿಯ ಪಾತ್ರ ನೀವೇ ಮಾಡಬೇಕು ಅಂತ ಗೊತ್ತಾಯಿತು. ಒಂದು ಗಂಟೆಗೆ ಮೊದಲ ರಿಹರ್ಸಲ್. ರಾತ್ರಿ ಶೋ. ಅವರು ಆ ನಾಟಕದ 'ಸ್ವಿಂಗ್', ಅಂದರೆ ಹಲವು ಪಾತ್ರಗಳನ್ನು ಕಲಿತು ಯಾವುದಕ್ಕೆ ಬೇಕಾದರೂ ಸಿದ್ಧರಿರುವ ಕಲಾವಿದೆ. ಎಂಟು ಪಾತ್ರ ಅವರ ಜವಾಬ್ದಾರಿಯಾಗಿತ್ತು. ಶೋ ಮುಗಿದ ಮೇಲೆ ಜಾಕ್‌ಮನ್ ರಂಗದ ಮೇಲೆಯೇ ಅವರನ್ನು ಮುಂದಕ್ಕೆ ಕರೆದು, ಸ್ವಿಂಗ್‌ಗಳೇ ಬ್ರಾಡ್‌ವೇಯ ಬೆನ್ನೆಲುಬು ಎಂಬರ್ಥದ ಮಾತಾಡಿದರು. ಸ್ಟಾರ್ ಮೇಲೆ ನಿಂತ ಪ್ರತಿ ನಾಟಕವೂ ಇಂಥವರ ಮೇಲೆ ನಿಂತಿರುತ್ತದೆ. ಟಿಕೆಟ್ ಲೆಕ್ಕದಲ್ಲಿ ಇವರಿಗೆ ಒಂದು ಕಾಲಂ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸ್ಟಾರ್ ಕಾಸ್ಟಿಂಗ್‌ನ ನಿಜವಾದ ಪರೀಕ್ಷೆ ಸ್ಟಾರ್ ಹೋದ ಮೇಲಿನ ವಾರ. 'ಹಲೋ, ಡಾಲಿ!' ವಾರಕ್ಕೆ 20 ಲಕ್ಷ ಡಾಲರ್‌ಗಿಂತ ಜಾಸ್ತಿ ಮಾಡುತ್ತಿತ್ತು. 2017ರ ಬೇಸಿಗೆಯಲ್ಲಿ ಮಿಡ್ಲರ್ ರಜೆ ತೆಗೆದುಕೊಂಡ ವಾರ ಅದು ಅರ್ಧಕ್ಕಿಂತ ಕೆಳಗೆ ಬಿತ್ತು. ಆಗ ಪಾತ್ರ ಮಾಡಿದ ಡೊನಾ ಮರ್ಫಿ ಸಾಮಾನ್ಯರಲ್ಲ, ಎರಡು ಟೋನಿ ಗೆದ್ದವರು, ಅವರ ಡಾಲಿಯನ್ನು ವಿಮರ್ಶಕರು ಕೊಂಡಾಡಿದ್ದರು. ನಾಟಕ ಅದೇ, ಗುಣಮಟ್ಟ ಅದೇ, ಆದರೂ ಜನ ಬಂದಿದ್ದು ಬೇರೆ ಕಾರಣಕ್ಕೆ. 'ದಿ ಪ್ರೊಡ್ಯೂಸರ್ಸ್' ಕೂಡ ಇದನ್ನು ಅನುಭವಿಸಿತು. 2002ರ ಮಾರ್ಚ್‌ನಲ್ಲಿ ಲೇನ್ ಮತ್ತು ಬ್ರಾಡರಿಕ್ ಹೊರಟರು, ಮಾರಾಟ ಇಳಿಯಿತು. ಕೊನೆಗೆ 2003ರ ಡಿಸೆಂಬರ್‌ನಿಂದ ಕೆಲವು ತಿಂಗಳಿಗೆ ಇಬ್ಬರನ್ನೂ ಮತ್ತೆ ಕರೆತರಬೇಕಾಯಿತು.

ಎಲ್ಲಕ್ಕಿಂತ ನೋವಿನ ಉದಾಹರಣೆ 'ನತಾಶಾ, ಪಿಯರ್ ಆಂಡ್ ದಿ ಗ್ರೇಟ್ ಕಾಮೆಟ್ ಆಫ್ 1812'. ಇದು ಸಣ್ಣ ಜಾಗಗಳಲ್ಲಿ, ಸ್ಟಾರ್ ಇಲ್ಲದೆ ಬೆಳೆದ ನಾಟಕ. 2016ರ ನವೆಂಬರ್‌ನಲ್ಲಿ ಬ್ರಾಡ್‌ವೇಗೆ ಬಂದಾಗ ಪಿಯರ್ ಪಾತ್ರಕ್ಕೆ ಗಾಯಕ ಜಾಶ್ ಗ್ರೋಬನ್ ಬಂದರು. ಇಂಪೀರಿಯಲ್ ಥಿಯೇಟರಿನ ಒಳಭಾಗವನ್ನೇ ಬದಲಿಸಿ, ಪ್ರೇಕ್ಷಕರ ನಡುವೆಯೇ ನಟರು ಓಡಾಡುವ ಹಾಗೆ ಕಟ್ಟಿದ್ದರು. ಆ ಸಾಲಿನಲ್ಲಿ ಅತಿ ಹೆಚ್ಚು, ಅಂದರೆ 12 ಟೋನಿ ನಾಮನಿರ್ದೇಶನ ಸಿಕ್ಕಿತು. 2017ರ ಜುಲೈ ಆರಂಭದಲ್ಲಿ ಗ್ರೋಬನ್ ಹೊರಟರು. 'ಹ್ಯಾಮಿಲ್ಟನ್' ಮೂಲ ತಂಡದ ಒಕಿರಿಯೆಟೆ ಒನಾಡೊವನ್ ಆ ಪಾತ್ರಕ್ಕೆ ಬಂದರು. ಕಲೆಕ್ಷನ್ ಕುಸಿಯಿತು. ಗಾಬರಿಯಾದ ನಿರ್ಮಾಪಕರು ಒನಾಡೊವನ್ ಅವಧಿಯನ್ನು ಮೊಟಕುಗೊಳಿಸಿ, ಹಿರಿಯ ನಟ ಮ್ಯಾಂಡಿ ಪಟಿಂಕಿನ್ ಮೂರು ವಾರ ಬರುತ್ತಾರೆ ಅಂತ ಘೋಷಿಸಿದರು. ಕಪ್ಪು ನಟನನ್ನು ಹೀಗೆ ಪಕ್ಕಕ್ಕೆ ಸರಿಸುವುದೇ ಅಂತ ದೊಡ್ಡ ಆಕ್ಷೇಪ ಎದ್ದಿತು. ಪಟಿಂಕಿನ್ ಎರಡೇ ದಿನದಲ್ಲಿ ಹಿಂದೆ ಸರಿದರು. ಸೆಪ್ಟೆಂಬರ್ 3ಕ್ಕೆ ನಾಟಕವೇ ಮುಚ್ಚಿತು. ಇದರಲ್ಲಿ ಒನಾಡೊವನ್ ಅವರ ತಪ್ಪೂ ಇಲ್ಲ, ಗ್ರೋಬನ್ ಅವರ ತಪ್ಪೂ ಇಲ್ಲ. ಎಂಟು ತಿಂಗಳು ಒಂದು ಹೆಸರನ್ನು ಮಾರಿದ್ದರು, ಆ ಹೆಸರು ಹೋದ ದಿನ ನಾಟಕದ ಹೆಸರು ಇನ್ನೂ ಜನರ ಬಾಯಲ್ಲಿ ಕೂತಿರಲಿಲ್ಲ.

ತಡವಾಗಿ ಬಂದ ಸ್ಟಾರ್ ಕೂಡ ಯಾವಾಗಲೂ ಕೈ ಹಿಡಿಯುವುದಿಲ್ಲ. ತಾನೇ ಸಂಗೀತ ಬರೆದ 'ದಿ ಲಾಸ್ಟ್ ಶಿಪ್' ಸೊರಗುತ್ತಿದ್ದಾಗ 2014ರ ಡಿಸೆಂಬರ್‌ನಲ್ಲಿ ಸ್ಟಿಂಗ್ ಖುದ್ದು ರಂಗಕ್ಕೆ ಇಳಿದರು. ಅವರಿದ್ದ ವಾರಗಳಿಗೆ ಟಿಕೆಟ್ ಹೋದವು. ಅವರು ಇರದ ಮುಂದಿನ ವಾರಗಳಿಗೆ ಹೋಗಲಿಲ್ಲ. 2015ರ ಜನವರಿಯಲ್ಲಿ ಅದೂ ಮುಚ್ಚಿತು.

ಹಾಗಾದರೆ ಯಾವಾಗ ಕೆಲಸ ಮಾಡುತ್ತದೆ? ಪಾತ್ರಕ್ಕೂ ಸ್ಟಾರ್‌ಗೂ ಮೊದಲೇ ಜನರ ಮನಸ್ಸಿನಲ್ಲಿ ನಂಟು ಇದ್ದಾಗ. 'ಫನ್ನಿ ಗರ್ಲ್' 2022ರ ಏಪ್ರಿಲ್‌ನಲ್ಲಿ ಬೀನಿ ಫೆಲ್ಡ್‌ಸ್ಟೀನ್ ಜೊತೆ ತೆರೆಕಂಡಿತು. ಶುರುವಿನಲ್ಲಿ ಮಾರಾಟ ಚೆನ್ನಾಗಿತ್ತು, ವಿಮರ್ಶೆ ಬಂದ ಮೇಲೆ ಇಳಿಯುತ್ತಾ ಹೋಯಿತು. ಸೆಪ್ಟೆಂಬರ್ 6ರಂದು ಲಿಯಾ ಮಿಷೆಲ್ ಬಂದರು. 'ಗ್ಲೀ' ಧಾರಾವಾಹಿಯಲ್ಲಿ ಅವರು ಮಾಡಿದ್ದು ಇದೇ ಪಾತ್ರದ ಕನಸು ಕಾಣುವ ಹುಡುಗಿಯ ಪಾತ್ರ. ನೋಡುಗರು ವರ್ಷಗಟ್ಟಲೆ ಆ ಕನಸನ್ನು ಅವರ ಜೊತೆ ಕಂಡಿದ್ದರು. ಹಾಡುವ ಗಂಟಲೂ ಇತ್ತು. ಕಲೆಕ್ಷನ್ ಏರಿ 20 ಲಕ್ಷ ಡಾಲರ್ ದಾಟಿದ ವಾರಗಳು ಬಂದವು, ಆಗಸ್ಟ್ ವಿಲ್ಸನ್ ಥಿಯೇಟರಿನ ದಾಖಲೆ ಮುರಿಯಿತು. ಗುರುವಾರಗಳಲ್ಲಿ ಜೂಲಿ ಬೆಂಕೊ ಪಾತ್ರ ಮಾಡುತ್ತಿದ್ದರು, ಅದನ್ನು ಮೊದಲೇ ಹೇಳಿ ಟಿಕೆಟ್ ಮಾರುತ್ತಿದ್ದರು. ಇದು ನನಗೆ ತುಂಬ ಹಿಡಿಸಿದ ಕ್ರಮ. ಸ್ಟಾರ್‌ಗೆ ವಿಶ್ರಾಂತಿ, ಪ್ರೇಕ್ಷಕರಿಗೆ ಮೋಸವಿಲ್ಲ, ಇನ್ನೊಬ್ಬ ಕಲಾವಿದೆಗೆ ತನ್ನದೇ ಪ್ರೇಕ್ಷಕರು.

ಸ್ಟಂಟ್ ಕಾಸ್ಟಿಂಗ್‌ನ ಹೆಸರು ಎತ್ತಿದರೆ 'ಶಿಕಾಗೊ' ಬಿಟ್ಟು ಮುಂದೆ ಹೋಗುವಂತಿಲ್ಲ. 1996ರ ನವೆಂಬರ್‌ನಿಂದ ಓಡುತ್ತಿರುವ ಈ ಮರುನಿರ್ಮಾಣದಲ್ಲಿ ಮೆಲನಿ ಗ್ರಿಫಿತ್, ಗಾಯಕ ಅಷರ್, ಪಮೇಲಾ ಆಂಡರ್ಸನ್ ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ಹೋಗಿದ್ದಾರೆ. ಆಂಡರ್ಸನ್ ಇದ್ದಿದ್ದು 2022ರಲ್ಲಿ ಎಂಟು ವಾರ. ಬೇರೆ ನಾಟಕಕ್ಕೆ ಒಗ್ಗದ ಈ ಉಪಾಯ ಇದಕ್ಕೆ ಒಗ್ಗಿದ್ದರ ಗುಟ್ಟು ಅದರ ಕಟ್ಟುವಿಕೆಯಲ್ಲೇ ಇದೆ. ಸಂಗೀತ ಕಚೇರಿಯ ರೀತಿಯಲ್ಲಿ ಆಡಿದ ಪ್ರಯೋಗವೊಂದರಿಂದ ಹುಟ್ಟಿದ್ದರಿಂದ ರಂಗದ ಮೇಲೆ ಬ್ಯಾಂಡ್, ಕೆಲವು ಕುರ್ಚಿ, ಕಪ್ಪು ಉಡುಪು, ಅಷ್ಟೇ. ದೊಡ್ಡ ಸೆಟ್ ಇಲ್ಲ, ಹಾಗಾಗಿ ವಾರದ ಖರ್ಚು ಕಡಿಮೆ. ವಕೀಲ ಬಿಲ್ಲಿ ಫ್ಲಿನ್ ಪಾತ್ರಕ್ಕೆ ಕಷ್ಟದ ಕುಣಿತ ಬೇಕಿಲ್ಲ, ಸುತ್ತಲಿನ ಪಳಗಿದ ತಂಡ ಹೊಸಬರನ್ನು ಹೊತ್ತುಕೊಂಡು ಹೋಗುತ್ತದೆ. ಕಥೆಯೇ ಸುದ್ದಿಯಲ್ಲಿರುವವರ ಕುರಿತದ್ದು, ಆದ್ದರಿಂದ ಸುದ್ದಿಯಲ್ಲಿರುವವರು ಬಂದರೆ ಅಸಂಗತ ಅನ್ನಿಸುವುದೂ ಇಲ್ಲ. ಹೊಸ ಹೆಸರು ಬಂದಾಗ ಕಲೆಕ್ಷನ್ ಏರುತ್ತದೆ, ಹೋದಾಗ ಇಳಿಯುತ್ತದೆ, ಆದರೆ ಇಳಿದ ಮಟ್ಟದಲ್ಲೂ ಬದುಕುವಷ್ಟು ಹಗುರವಾಗಿದೆ. ಸ್ಟಂಟ್ ಅಂತ ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಇನ್ನೊಂದು ತುದಿಯಲ್ಲಿ 'ದಿ ಲಯನ್ ಕಿಂಗ್', 'ವಿಕೆಡ್', 'ಹ್ಯಾಮಿಲ್ಟನ್' ಇವೆ. ಇಲ್ಲಿ ನಾಟಕವೇ ಸ್ಟಾರ್. ಬರೆದು, ಮುಖ್ಯ ಪಾತ್ರವನ್ನೂ ಮಾಡಿದ ಲಿನ್-ಮ್ಯಾನುಯೆಲ್ ಮಿರಾಂಡಾ 2016ರ ಜುಲೈ 9ರಂದು 'ಹ್ಯಾಮಿಲ್ಟನ್' ಬಿಟ್ಟರೂ ಸೀಟು ಖಾಲಿ ಬೀಳಲಿಲ್ಲ.

ಈ ಅಂಕಿಗಳನ್ನು ನೀವೇ ನೋಡಬಹುದು. ಅಲ್ಲಿನ ನಿರ್ಮಾಪಕರು ಮತ್ತು ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿ ವಾರ ಪ್ರತಿ ನಾಟಕದ ಕಲೆಕ್ಷನ್, ಪ್ರೇಕ್ಷಕರ ಸಂಖ್ಯೆ, ತುಂಬಿದ ಸೀಟಿನ ಶೇಕಡಾವಾರು, ಸರಾಸರಿ ಟಿಕೆಟ್ ಬೆಲೆ ಎಲ್ಲವನ್ನೂ ಹೊರಹಾಕುತ್ತದೆ. ಸ್ಟಾರ್ ಬಂದ ವಾರದ ಒಟ್ಟು ಮೊತ್ತ ನೋಡಿ ನಿಲ್ಲಬೇಡಿ. ಆ ವಾರ ಎಷ್ಟು ಶೋ ಆಡಿದರು ನೋಡಿ, ಹಬ್ಬದ ವಾರಗಳಲ್ಲಿ ಒಂಬತ್ತು ಆಡುವುದುಂಟು. ಸೀಟು ತುಂಬಿದ್ದು ರಿಯಾಯಿತಿ ಟಿಕೆಟ್‌ನಿಂದಲೋ ಅಂತ ಸರಾಸರಿ ಬೆಲೆಯಿಂದ ತಿಳಿಯುತ್ತದೆ. ಆಮೇಲೆ ಸ್ಟಾರ್ ಹೊರಟ ಮೂರನೇ ವಾರದ ಸಾಲು ಹುಡುಕಿ, ಅವರು ಬರುವುದಕ್ಕೆ ಮುಂಚಿನ ವಾರದ ಪಕ್ಕದಲ್ಲಿಟ್ಟು ನೋಡಿ. ಆ ಸರಾಸರಿ ಬೆಲೆ ಮೊದಲಿಗಿಂತ ಸ್ವಲ್ಪವಾದರೂ ಮೇಲಿದ್ದರೆ, ಸ್ಟಾರ್ ನೋಡಲು ಬಂದವರಲ್ಲಿ ಕೆಲವರಾದರೂ ನಾಟಕವನ್ನು ಇಷ್ಟಪಟ್ಟು ಬೇರೆಯವರಿಗೆ ಹೇಳಿರಬಹುದು.