ಮಾತು ಒಂದು, ಜಗಲಿ ಐದು

ಕಾಡಿನೊಳಗಿನ ಕಾಲುದಾರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಲ್ಲಿ ‘ಫುಟ್‌ವೇ’ (ನಡೆಯುವವರ ದಾರಿ) ಎಂಬ ಟ್ಯಾಗ್, ಅಂದರೆ ಬಗೆ ಹೇಳುವ ಗುರುತು, ಹಾಕಬೇಕೋ, ‘ಪಾತ್’ (ಸಾಮಾನ್ಯ ಹಾದಿ) ಎಂದೋ? ವರ್ಷಗಳಿಂದ ಬಗೆಹರಿಯದ ತಕರಾರು ಇದು. ಆಕ್ಷೇಪವಿದ್ದವರು ಆ ತಿದ್ದುಪಡಿಯ ಕೆಳಗೇ ಟಿಪ್ಪಣಿ ಬರೆಯಬಹುದು. ಅದು ತಿದ್ದಿದವರಿಗೂ ಅಲ್ಲಿ ಮಾತು ಸೇರಿಸಿದವರಿಗೂ ತಲುಪುತ್ತದೆ, ಉಳಿದವರಿಗೆ ಸುಳಿವೇ ಇರುವುದಿಲ್ಲ. ಟ್ಯಾಗ್‌ನ ಅರ್ಥ ಬರೆದಿಟ್ಟಿರುವುದು ವಿಕಿಯಲ್ಲಿ, ಹಾಗಾಗಿ ಅದರ ವಾದ ಅಲ್ಲಿನ ಚರ್ಚಾಪುಟದಲ್ಲಿ. ದಾರಿಯನ್ನು ಯಾವ ಬಣ್ಣದ ಗೆರೆಯಾಗಿ ತೋರಿಸಬೇಕೆಂಬ ಚರ್ಚೆ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ. ಆತುರದ ಪ್ರಶ್ನೆ ಟೆಲಿಗ್ರಾಂ ಗುಂಪಿಗೆ ಬೀಳುತ್ತದೆ.

ಒಂದೇ ಮಾತು ಹೀಗೆ ಹಲವು ಕಡೆ ಚದುರುವುದನ್ನು ಅಶಿಸ್ತು ಎಂದು ಬೈಯುವುದು ಸುಲಭ. ಆದರೆ ಮಾತು ಕೆಲಸದ ಪಕ್ಕದಲ್ಲೇ ಹುಟ್ಟುತ್ತದೆ. ಕೋಡ್‌ನ ದೋಷವನ್ನು ಕೋಡ್‌ನ ಸಾಲು ಕಾಣದ ಕಡೆ ವಿವರಿಸುವುದು ಯಾತನೆ. ವೇಗವೂ ಬೇರೆ ಬೇರೆ: ಹರಟೆಗೆ ನಿಮಿಷ ಸಾಕು, ನಿಯಮ ಬದಲಿಸಲು ವಾರಗಳೇ ಬೇಕು. ಎರಡನ್ನೂ ಒಂದೇ ಕೋಣೆಗೆ ತುಂಬಿದರೆ ನಿಧಾನದ್ದು ಕೊಚ್ಚಿಹೋಗುತ್ತದೆ. ಜೊತೆಗೆ ಲೆಕ್ಕ: 10 ಜನರ ನಡುವೆ 45 ಜೋಡಿಗಳು, 100 ಜನರಾದರೆ 4,950. ಅಷ್ಟು ಗದ್ದಲದಿಂದ ಜನ ಸಣ್ಣ ಕೋಣೆ ಹುಡುಕಿಕೊಂಡು ಹೋಗುವುದು ಸಹಜ.

ಪೆಟ್ಟು ಬೀಳುವುದು ನೆನಪಿಗೆ. ಗುಂಪು ಹರಟೆಯ ತಾಣ ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 2022ರಿಂದ ಕಾಣುವುದು ಕೊನೆಯ 90 ದಿನಗಳ ಮಾತು ಮಾತ್ರ. ಅಂಥದ್ದೇ ಇನ್ನೊಂದು ತಾಣ ಡಿಸ್ಕಾರ್ಡ್‌ನ ಕೋಣೆಯೊಳಗಿನ ಮಾತು ಸಾಮಾನ್ಯವಾಗಿ ಸರ್ಚ್ ಎಂಜಿನ್‌ಗೆ ಸಿಗುವುದಿಲ್ಲ. ಆರು ತಿಂಗಳ ಮೇಲೆ ಬಂದ ಹೊಸಬರು ಅದೇ ಪ್ರಶ್ನೆ ಕೇಳುತ್ತಾರೆ, ಹಳಬರು ರೇಗುತ್ತಾರೆ.

ಒಂದು ಕೋಣೆಯ ಮಾತನ್ನು ಇನ್ನೊಂದಕ್ಕೆ ತಾನಾಗಿ ದಾಟಿಸುವ ಬಾಟ್ (ಸ್ವಯಂಚಾಲಿತ ಪ್ರೋಗ್ರಾಂ) ಸೇತುವೆ ಕಟ್ಟುವವರೂ ಇದ್ದಾರೆ. ಅರ್ಧ ಪರಿಹಾರ ಅದು. ಹಳೆಯ ಹರಟೆ ವ್ಯವಸ್ಥೆಯಾದ ಐಆರ್‌ಸಿಯಲ್ಲಿ ಕಳಿಸಿದ್ದನ್ನು ತಿದ್ದುವ ವ್ಯವಸ್ಥೆಯೇ ಇಲ್ಲ. ಟೆಲಿಗ್ರಾಂನಲ್ಲಿ ತಿದ್ದಿದ ಸಾಲು ಐಆರ್‌ಸಿಯಲ್ಲಿ ಎರಡನೆಯ ಸಾಲಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಐಆರ್‌ಸಿ ಸಂದೇಶದ ಮಿತಿಯೂ 512 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತ ಚಿಹ್ನೆಗೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 3 ಬೈಟ್ ಹೋಗುವುದರಿಂದ ನಮ್ಮ ವಾಕ್ಯ ಬೇಗನೇ ತುಂಡಾಗುತ್ತದೆ.

ಕೆಲಸಕ್ಕೆ ಬರುವ ಪದ್ಧತಿ ಸಪ್ಪೆಯದು. ಎಲ್ಲಿ ಬೇಕಾದರೂ ಮಾತಾಡಿ, ತೀರ್ಮಾನವನ್ನು ಮಾತ್ರ ಆ ವಸ್ತು ಇರುವ ಪುಟಕ್ಕೆ ತನ್ನಿ. ಏನು ಒಪ್ಪಿದಿರಿ, ಯಾಕೆ, ಯಾರ ಆಕ್ಷೇಪ ಉಳಿಯಿತು, ಯಾವ ದಿನಾಂಕ: ನಾಲ್ಕು ಸಾಲು ಸಾಕು. ಬರೀ ಕೊಂಡಿ ಅಂಟಿಸಿದರೆ ಸಾಲದು, ಕೊಂಡಿಯ ಆಚೆಗಿನ ಮನೆಯೇ ಖಾಲಿಯಾಗಬಹುದು. 2021ರ ಮೇ ತಿಂಗಳಲ್ಲಿ ಐಆರ್‌ಸಿ ಜಾಲ ಫ್ರೀನೋಡ್‌ನ ಹಿಡಿತದ ಬಗ್ಗೆ ಜಗಳವೆದ್ದಾಗ ಅನೇಕ ಯೋಜನೆಗಳು ಕೆಲವೇ ದಿನಗಳಲ್ಲಿ ಹೊಸ ಜಾಲವಾದ ಲಿಬೆರಾ ಚಾಟ್‌ಗೆ ಗಂಟುಮೂಟೆ ಕಟ್ಟಿದವು.