ಪುಟ್ಟಿ ಹಚ್ಚುವ ಮುಂಚೆ ತೋರಿಸಿಬಿಡಿ

"ಮೇಡಂ, ಬಚ್ಚಲುಮನೆ ಪಕ್ಕದ ಗೋಡೆ ಮಳೆಗಾಲದಲ್ಲಿ ಸ್ವಲ್ಪ ಒದ್ದೆ ಆಗುತ್ತೆ. ಅದನ್ನೂ ಹೇಳಬೇಕಾ?" ಕ್ರಯದ ಕರಾರು ಬರೆಸಲು ಬರುವವರು ಈ ಪ್ರಶ್ನೆಯನ್ನು ಎಲ್ಲ ಮಾತು ಮುಗಿದು ಎದ್ದು ನಿಂತಮೇಲೆ ಕೇಳುತ್ತಾರೆ. ಜೊತೆಗಿರುವ ಬ್ರೋಕರ್ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. "ಯಾವ ಮನೇಲಿ ಇಲ್ಲ ಬಿಡಿ ಸಾರ್. ಒಂದು ಕೋಟ್ ಪುಟ್ಟಿ, ಒಂದು ಕೋಟ್ ಪೇಂಟ್. ಸುಮ್ನಿರಿ."

ನಾನು ಹೇಳುವುದು ಇಷ್ಟೇ: ಅಡ್ವಾನ್ಸ್ ಈಸ್ಕೊಳ್ಳುವ ಮುಂಚೆ ಹೇಳಿಬಿಡಿ. ಆ ಪುಟ್ಟಿ ಇದೆಯಲ್ಲ, ಅದನ್ನಂತೂ ಹಚ್ಚಿಸಲೇಬೇಡಿ.

ಕಾನೂನಿನ ಮಾತು ಮೊದಲು ನೋಡೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರ ಮೇಲೆ ಒಂದು ಹೊಣೆ ಹಾಕಿದೆ. ದೋಷ ಮಹತ್ವದ್ದಾಗಿರಬೇಕು, ಅದು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿರಬಾರದು, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಣ್ಣಿಗೆ ಬೀಳುವಂತಿರಬಾರದು. ಈ ಮೂರೂ ಇದ್ದರೆ ಹೇಳಲೇಬೇಕು. ಹೇಳದಿದ್ದರೆ ಅದನ್ನು ಮೋಸ ಅಂತಲೇ ಕಾಯ್ದೆ ಕರೆಯುತ್ತದೆ. ಯಾವುದು ಮಹತ್ವದ್ದು ಅಂತ ಪಟ್ಟಿ ಕೊಟ್ಟಿಲ್ಲ. ಗೊತ್ತಿದ್ದರೆ ಈ ಮನೆಗೆ ಕೈಯೇ ಹಾಕುತ್ತಿರಲಿಲ್ಲ ಅನ್ನುವಂಥದ್ದು ಅಂತ ಇಟ್ಟುಕೊಳ್ಳಿ.

ಹಾಗಾದರೆ ಅಂಗೈಯಗಲ ಒದ್ದೆ ಗೋಡೆ? ನಿಜ ಹೇಳಬೇಕೆಂದರೆ ಅದು ಈ ಕಲಮಿನೊಳಗೆ ಬರುವುದು ಕಷ್ಟ. ನಲ್ಲಿ ತೊಟ್ಟಿಕ್ಕುವುದು, ಹಾಲ್‌ನ ಟೈಲ್ಸ್ ಒಡೆದಿರುವುದು, ಕಿಟಕಿ ಸರಿಯಾಗಿ ಮುಚ್ಚದಿರುವುದು ಯಾವುದೂ ಬರುವುದಿಲ್ಲ. ಅವೆಲ್ಲ ಕಾಣುತ್ತವೆ. ಮನೆ ನೋಡಲು ಬಂದವರು ಕಣ್ಣು ಬಿಟ್ಟು ನೋಡಿಕೊಳ್ಳಬೇಕಾದ್ದು ಅವರ ಕೆಲಸ. ಬ್ರೋಕರ್ ಮಾತು ಅಲ್ಲಿಯವರೆಗೆ ಸರಿ.

ಪೇಂಟ್ ಡಬ್ಬ ತೆರೆದ ಮೇಲೆ ಕಥೆ ಬೇರೆ. 1872ರ ಕರಾರು ಕಾಯ್ದೆಯ 17ನೇ ಕಲಂ ಪ್ರಕಾರ ಸುಮ್ಮನಿರುವುದು ಸಾಮಾನ್ಯವಾಗಿ ಮೋಸವಲ್ಲ, ಆದರೆ ಗೊತ್ತಿರುವುದನ್ನು ಬೇಕಂತಲೇ ಮರೆಮಾಡುವುದು ಮೋಸ. ಒದ್ದೆ ಗೋಡೆಯನ್ನು ಹಾಗೇ ಬಿಟ್ಟಿದ್ದರೆ ಅದು ಕಾಣುವ ದೋಷ. ಗಿರಾಕಿ ಬರುವ ಹಿಂದಿನ ವಾರ ಪುಟ್ಟಿ ಹಚ್ಚಿದರೆ ಮುಚ್ಚಿಟ್ಟ ದೋಷ. "ಎಲ್ಲೂ ಸೋರಲ್ಲ ತಾನೇ?" ಅಂತ ಅವರು ಕೇಳಿ ನೀವು "ಇಲ್ಲ" ಅಂದರಂತೂ ಸುಳ್ಳೂ ಸೇರಿತು. ರಿಪೇರಿಗೆ ನಾಲ್ಕು ಸಾವಿರವಾಗುತ್ತಿತ್ತೋ ನಲವತ್ತು ಸಾವಿರವೋ, ಆಮೇಲೆ ಅದರ ಮಾತೇ ಬರುವುದಿಲ್ಲ.

ಮಂಡ್ಯ ಕಡೆಯ ಒಂದು ಮನೆ ವಿಷಯ ಹೇಳುತ್ತೇನೆ. ಗದ್ದೆ ಬಯಲಿಗೆ ಮಣ್ಣು ತುಂಬಿಸಿ ಮಾಡಿದ ಬಡಾವಣೆ, ವಿಶ್ವೇಶ್ವರಯ್ಯ ನಾಲೆಯ ಉಪಕಾಲುವೆ ಹತ್ತಿರದಲ್ಲೇ ಇದೆ. ವ್ಯಾಪಾರ ನಡೆದದ್ದು ಬೇಸಿಗೆಯಲ್ಲಿ, ನಾಲೆ ಒಣಗಿದ್ದಾಗ. ಹೊಸ ಪೇಂಟ್, ಮನೆ ಫಳಫಳ ಅನ್ನುತ್ತಿತ್ತು. ನಾಲೆಗೆ ನೀರು ಬಿಟ್ಟಮೇಲೆ ಮಲಗುವ ಕೋಣೆಯ ಗೋಡೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಬಿಳಿ ಉಪ್ಪು ಬಿಟ್ಟಿತು, ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು. ಮಾರಿದವರು "ನಮ್ಮ ಕಾಲದಲ್ಲಿ ಹೀಗಾಗೇ ಇಲ್ಲ" ಅಂದರು. ಕೊಂಡವರು ಅಟ್ಟ ಹತ್ತಿ ನೋಡಿದರೆ ವಾಟರ್‌ಪ್ರೂಫಿಂಗ್ ಕೆಮಿಕಲ್‌ನ ಖಾಲಿ ಡಬ್ಬಗಳು, ಒಂದರೊಳಗೆ ಎರಡು ವರ್ಷ ಹಿಂದಿನ ಅಂಗಡಿ ಬಿಲ್ಲು. ಗೊತ್ತಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ನೋಟಿಸ್ ಹೋಯಿತು. ಕೋರ್ಟ್ ಮೆಟ್ಟಿಲು ಹತ್ತುವ ಮುಂಚೆ ಮಾರಿದವರು ದುಡ್ಡು ಕೊಟ್ಟು ರಾಜಿ ಮಾಡಿಕೊಂಡರು. ಮೊದಲೇ ಹೇಳಿದ್ದರೆ ಬೆಲೆಯಲ್ಲಿ ಅಷ್ಟು ಬಿಡಬೇಕಾಗಿರಲಿಲ್ಲ ಅಂತ ಈಗಲೂ ನನ್ನ ಅನಿಸಿಕೆ.

ಹೀಗೆ ಋತು ನೋಡಿ ಬರುವ ದೋಷಗಳ ಮೇಲೇ ನನಗೆ ಕಣ್ಣು. ಏಪ್ರಿಲ್‌ನಲ್ಲಿ ಬತ್ತುವ ಬೋರ್‌ವೆಲ್, ಜೋರು ಮಳೆಗೆ ಹಿಂದಕ್ಕೆ ಬರುವ ಯುಜಿಡಿ (ಒಳಚರಂಡಿ) ನೀರು, ರಾತ್ರೋರಾತ್ರಿ ಒಂದಡಿ ಇಳಿಯುವ ಸಂಪು. ಮಾರುವವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ, ದೋಷ ಅಂತಲೇ ಅನಿಸುವುದಿಲ್ಲ. ಕೊಳ್ಳುವವರು ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಓಡಾಡಿ ಹೋದರೆ ಇವು ಕಾಣುವುದೂ ಇಲ್ಲ. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೇ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರು) ಮನೆಗಳದ್ದೇ ಎಷ್ಟೋ ವಾಸಿ. ಸೋರುತ್ತದಾ ಅಂತ ಯಾರೂ ಕೇಳುವುದಿಲ್ಲ, ಎಲ್ಲಿ ಸೋರುತ್ತದೆ ಅಂತಲೇ ಕೇಳುತ್ತಾರೆ!

ಪ್ಲಾನಿಗಿಂತ ಒಂದಡಿ ಮುಂದಕ್ಕೆ ಕಟ್ಟಿದ್ದು, ಅನುಮತಿ ಇಲ್ಲದೆ ಮೇಲೆ ಎಬ್ಬಿಸಿದ ರೂಮು ಸಣ್ಣ ದೋಷಗಳ ಲೆಕ್ಕಕ್ಕೆ ಬರುವುದೇ ಇಲ್ಲ, ಅವನ್ನು ಮುಚ್ಚಿಡಲು ಹೋಗಬೇಡಿ. ಕಂದಾಯ, ನೀರಿನ ಬಿಲ್ಲು, ಚೆಸ್ಕಾಂ ಕರೆಂಟ್ ಬಾಕಿ ಇದ್ದರೆ ಅದನ್ನೂ ಹೇಳಿ. ಬೇರೆ ಕರಾರು ಇಲ್ಲದಿದ್ದರೆ ಕ್ರಯದ ದಿನದವರೆಗಿನ ಸರ್ಕಾರಿ ಬಾಕಿ ಮಾರುವವರದ್ದೇ.

"ಇರುವ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದೇನೆ ಅಂತ ಒಂದು ಸಾಲು ಹಾಕಿಬಿಡಿ ಮೇಡಂ, ಸಾಕು" ಅನ್ನುವವರಿದ್ದಾರೆ. ಹಾಕುತ್ತೇನೆ. ಕಾಣುವ ದೋಷಗಳ ಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ, ಪುಟ್ಟಿ ಹಿಂದೆ ಮುಚ್ಚಿಟ್ಟಿದ್ದಕ್ಕೆ ಬರುವುದಿಲ್ಲ. ನೋಂದಣಿ ಆಯ್ತು, ಇನ್ನು ಮುಗೀತು ಅನ್ನುವುದೂ ತಪ್ಪು ತಿಳಿವಳಿಕೆ. ಮೋಸದ ವಿಷಯದಲ್ಲಿ ಕಾಲಮಿತಿ ಶುರುವಾಗುವುದು ಮೋಸ ಗೊತ್ತಾದ ದಿನದಿಂದ, ಅಥವಾ ಎಚ್ಚರವಿದ್ದಿದ್ದರೆ ಗೊತ್ತಾಗಬಹುದಿದ್ದ ದಿನದಿಂದ. ಇನ್ನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಕಟ್ಟಡದ ದೋಷಗಳಿಗೆ ಇರುವ 5 ವರ್ಷದ ಹೊಣೆ ಬಿಲ್ಡರ್‌ಗಳಿಗೆ. ನಾವು ನೀವು ವಾಸವಿದ್ದ ಮನೆ ಮಾರುವುದಕ್ಕೆ ಅದು ಸಂಬಂಧಿಸಿದ್ದಲ್ಲ.

ಕುವೆಂಪುನಗರದ ನಿವೃತ್ತ ಮೇಷ್ಟ್ರೊಬ್ಬರು ಸಂಪಿನ ಬಿರುಕನ್ನು ತಾವೇ ಮುಚ್ಚಳ ತೆಗೆದು ತೋರಿಸಿದ್ದರು. ಕರಾರಿನಲ್ಲಿ ಹೀಗೆ ಬರೆದೆ: "ಸಂಪಿನ ಪೂರ್ವ ಗೋಡೆಯಲ್ಲಿ ಬಿರುಕಿದ್ದು ನೀರು ಇಳಿಯುತ್ತಿರುವುದನ್ನು ಮಾರುವವರು ತೋರಿಸಿರುತ್ತಾರೆ, ಕೊಳ್ಳುವವರು ನೋಡಿ ಒಪ್ಪಿರುತ್ತಾರೆ, ಇದರ ರಿಪೇರಿ ಕೊಳ್ಳುವವರಿಗೆ ಸೇರಿದ್ದು." ಎಲ್ಲಿದೆ, ಏನಾಗುತ್ತದೆ, ರಿಪೇರಿ ಯಾರದ್ದು. ಇಷ್ಟಿದ್ದರೆ ಸಾಕು. "ಸಣ್ಣಪುಟ್ಟ ದೋಷಗಳಿರುತ್ತವೆ" ಅಂತ ಬರೆದರೆ ಯಾವ ಪ್ರಯೋಜನವೂ ಇಲ್ಲ.

ಹೇಳಿದರೆ ರೇಟ್ ಬೀಳುತ್ತೆ ಅನ್ನುವ ಭಯ ಸುಳ್ಳಲ್ಲ, ಬೀಳುತ್ತದೆ. ಎಷ್ಟು ಅನ್ನುವುದು ಸ್ವಲ್ಪ ಮಟ್ಟಿಗೆ ನಿಮ್ಮ ಕೈಯಲ್ಲೂ ಇದೆ. ಮೇಷ್ಟ್ರು ಮೊದಲೇ ಒಬ್ಬ ಗಾರೆ ಮೇಸ್ತ್ರಿಯನ್ನು ಕರೆಸಿ, ಸಂಪು ರಿಪೇರಿಗೆ ಎಷ್ಟಾಗುತ್ತದೆ ಅಂತ ಬರೆಸಿಟ್ಟುಕೊಂಡಿದ್ದರು. ಚೌಕಾಸಿ ಆ ಚೀಟಿಯ ಸುತ್ತಲೇ ನಡೆಯಿತು. ಚೀಟಿ ಇಲ್ಲದಿದ್ದರೆ ಕೊಳ್ಳುವವರು ತಮ್ಮ ಮೇಸ್ತ್ರಿಯನ್ನು ಕರೆತರುತ್ತಾರೆ, ಆತ ಸಂಪನ್ನೇ ಒಡೆದು ಹೊಸದಾಗಿ ಕಟ್ಟಬೇಕು ಅನ್ನುತ್ತಾನೆ.